ಹೊನ್ನೆ ನೀರಿನ ನೀಲಿ: ಯುವಿ ಬೆಳಕಿನಲ್ಲಿ ಮರ ಗುರುತಿಸುವುದು

(ಬಡಗಿಗಳು, ಟಿಂಬರ್ ಅಂಗಡಿಯವರು ಮತ್ತು ಕೆಲವು ಕಾಲೇಜು ವಿದ್ಯಾರ್ಥಿಗಳು ಸೇರಿದ್ದ ಸಭೆಯಲ್ಲಿ ಆಡಿದ ಮಾತಿನ ಬರಹ ರೂಪ. ಅಲ್ಲಿ ಸಮಯ ಸಾಲದೆ ಬಿಟ್ಟ ಕೆಲವು ವಿವರಗಳನ್ನು ಇಲ್ಲಿ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಮೇಜಿನ ಮೇಲೆ ಒಂದು ಗಾಜಿನ ಲೋಟ ಇದೆ, ನೋಡಿ. ನಿನ್ನೆ ರಾತ್ರಿ ಒಂದು ಹಿಡಿ ಹೊನ್ನೆ ಮರದ ಹುಡಿಯನ್ನು ನೀರಿನಲ್ಲಿ ನೆನೆಹಾಕಿ, ಬೆಳಿಗ್ಗೆ ಸೋಸಿ ತಂದಿದ್ದೇನೆ. ಟ್ಯೂಬ್‌ಲೈಟ್‌ಗೆ ಅಡ್ಡ ಹಿಡಿದರೆ ಸಾಧಾರಣ ನೀರು. ತೆಳು ಹಳದಿ, ಸ್ವಲ್ಪ ಕಂದು. ಇದರಲ್ಲೇನು ವಿಶೇಷ ಅನ್ನಿಸುತ್ತೆ, ಅಲ್ವಾ?

ಈಗ ಲೋಟದ ಹಿಂದೆ ಈ ಕಪ್ಪು ಬಟ್ಟೆ ಇಡುತ್ತೇನೆ. ಕಿಟಕಿಯ ಬಿಸಿಲು ಪಕ್ಕದಿಂದ ಬೀಳಲಿ. ಮುಂದಿನ ಸಾಲಿನವರು ಎದ್ದು ಬಂದು ನೀರಿನ ಅಂಚನ್ನು ನೋಡಿ. ಬಿಸಿಲು ತಾಗಿದ ಕಡೆ ಒಂದು ನೀಲಿ ಛಾಯೆ ಕಾಣುತ್ತದೆ. ಲೋಟ ಎತ್ತಿ ನೀರಿನ ಮೂಲಕ ಆ ಕಡೆ ನೋಡಿದರೆ ಮತ್ತೆ ಹಳದಿ. ಅದೇ ನೀರು, ಅದೇ ಬಿಸಿಲು. ನೋಡುವ ದಿಕ್ಕು ಬದಲಾದರೆ ಬಣ್ಣ ಬದಲಾಗುತ್ತದೆ.

ಈಗ ಪರದೆ ಎಳೆಯಿರಿ, ದೀಪ ಆರಿಸಿ. ಇದು ಯುವಿ ಟಾರ್ಚ್. ನಮ್ಮ ಪಠ್ಯಪುಸ್ತಕಗಳಲ್ಲಿ ನೇರಳಾತೀತ ಅಂತ ಓದಿದ ಕಿರಣ. ಲೋಟದ ಮೇಲೆ ಬಿಡುತ್ತೇನೆ. ಇಡೀ ಲೋಟ ನೀಲಿಯಾಗಿ ಬೆಳಗಿತು. ಟಾರ್ಚ್ ಆರಿಸಿದ ತಕ್ಷಣ ನೀಲಿಯೂ ಹೋಯಿತು.

ಇವತ್ತಿನ ಮಾತೆಲ್ಲ ಈ ನೀಲಿಯ ಬಗ್ಗೆ. ಮರ ಗುರುತಿಸಲು ಇದು ಎಷ್ಟು ಉಪಯೋಗಕ್ಕೆ ಬರುತ್ತದೆ, ಎಲ್ಲಿ ಕೈಕೊಡುತ್ತದೆ ಅನ್ನುವ ಬಗ್ಗೆ. ಕೈಕೊಡುವ ಜಾಗಗಳ ಬಗ್ಗೆ ಸ್ವಲ್ಪ ಜಾಸ್ತಿಯೇ ಹೇಳುತ್ತೇನೆ. ಯಾಕೆಂದರೆ ಈಗ ಯುವಿ ಟಾರ್ಚ್ ಅಗ್ಗವಾಗಿದೆ. ಟಾರ್ಚ್ ಬಿಟ್ಟು ನೋಡಿ "ಇದು ಅಸಲಿ, ಇದು ನಕಲಿ" ಅಂತ ತೀರ್ಪು ಕೊಡುವವರೂ ಶುರುವಾಗಿದ್ದಾರೆ. ಹಾಗೆ ತೀರ್ಪು ಕೊಡುವಷ್ಟು ಸುಲಭದ ವಿಷಯ ಇದಲ್ಲ.

ಮೊದಲು ಒಂದು ಹಳೆಯ ಕಥೆ. ಮರವನ್ನು ಬೆಳಕಿನಿಂದ ಗುರುತಿಸುವ ಕೆಲಸ ಟಾರ್ಚ್‌ಗಿಂತ ಎಷ್ಟೋ ಹಿಂದಿನದು.

16ನೇ ಶತಮಾನದಲ್ಲಿ ಮೆಕ್ಸಿಕೋದಿಂದ ಸ್ಪೇನ್‌ಗೆ ಒಂದು ಮರ ಬರುತ್ತಿತ್ತು. ಮೂತ್ರಪಿಂಡದ ಕಾಯಿಲೆಗೆ ಅದು ಮದ್ದು ಅಂತ ನಂಬಿಕೆ. ಮರದ ಚೂರುಗಳನ್ನು ನೀರಿಗೆ ಹಾಕಿ, ಆ ನೀರನ್ನು ಕುಡಿಯುವುದು. ಬೇಡಿಕೆ ಬಂದ ಮೇಲೆ ಕಲಬೆರಕೆ ಬರದೇ ಇರುತ್ತದೆಯೇ? ಬೇರೆ ಯಾವುದೋ ಮರವನ್ನು ಅದೇ ಹೆಸರಿನಲ್ಲಿ ಮಾರಲು ಶುರು ಮಾಡಿದರು. ಸೆವಿಲ್ಲೆ ನಗರದಲ್ಲಿ ನಿಕೋಲಾಸ್ ಮೊನಾರ್ಡೆಸ್ ಅನ್ನುವ ವೈದ್ಯರು ಇದ್ದರು. ಅಮೆರಿಕದಿಂದ ಬರುವ ಔಷಧಿಗಳ ಬಗ್ಗೆ ಅವರು 1565ರಲ್ಲಿ ಬರೆದರು. ಅದರಲ್ಲಿ ಈ ಮರಕ್ಕೆ ಒಂದು ಪರೀಕ್ಷೆಯನ್ನೂ ಹೇಳಿದ್ದಾರೆ. ನೀರು ನೀಲಿ ಛಾಯೆಗೆ ತಿರುಗಬೇಕು, ಆಗ ಅದು ನಿಜವಾದ ಮರ. ಈಗ ನೀರನ್ನು ಬರೀ ಹಳದಿ ಮಾಡುವ ಮರವೂ ಬರುತ್ತಿದೆ, ಅದು ಸರಿಯಾದದ್ದಲ್ಲ ಎಂದು ಎಚ್ಚರಿಸಿದ್ದಾರೆ.

ಗಮನಿಸಿ, ಆಗ ನೇರಳಾತೀತ ಕಿರಣ ಅಂತ ಒಂದಿದೆ ಅನ್ನುವುದೇ ಯಾರಿಗೂ ಗೊತ್ತಿರಲಿಲ್ಲ. ಮೋಸ ಹೋಗಬಾರದು ಅಂತ ಗಿರಾಕಿಗೆ ಹೇಳಿಕೊಟ್ಟ ಉಪಾಯ ಅದು. ನನಗೆ ಈ ವಿಷಯದಲ್ಲಿ ಅತಿ ಇಷ್ಟವಾದ ಸಂಗತಿ ಇದೇ. ಈ ವಿದ್ಯೆ ಪ್ರಯೋಗಾಲಯದಲ್ಲಿ ಶುರುವಾಗಿದ್ದಲ್ಲ, ಅಂಗಡಿ ಮುಂದೆ ನಿಂತವರ ಅನುಮಾನದಿಂದ ಶುರುವಾಗಿದ್ದು.

ಮುಂದೆ ಕಥೆ ಇನ್ನೂ ಸಿಕ್ಕುಸಿಕ್ಕಾಯಿತು. 1646ರಲ್ಲಿ ಅಥನೇಸಿಯಸ್ ಕಿರ್ಚರ್ ಅನ್ನುವ ಜೆಸ್ಯೂಟ್ ಪಂಡಿತರು ತಮಗೆ ಉಡುಗೊರೆಯಾಗಿ ಬಂದ ಒಂದು ಮರದ ಬಟ್ಟಲಿನ ಬಗ್ಗೆ ಬರೆದರು. ಅದಕ್ಕೆ ನೀರು ಹಾಕಿದರೆ ನೀರು ಬಣ್ಣ ಬದಲಾಯಿಸುತ್ತದೆ ಅಂತ. 1664ರಲ್ಲಿ ವಿಜ್ಞಾನಿ ರಾಬರ್ಟ್ ಬಾಯ್ಲ್ ಇದನ್ನು ಸರಿಯಾಗಿ ಪರೀಕ್ಷೆ ಮಾಡಿ ಬರೆದರು. ಬೆಳಕಿಗೆ ಅಡ್ಡ ಹಿಡಿದರೆ ಒಂದು ಬಣ್ಣ, ಬೆಳಕಿಗೆ ಬೆನ್ನು ಮಾಡಿ ನೋಡಿದರೆ ನೀಲಿ. ಈಗ ನೀವು ನೋಡಿದಿರಲ್ಲ, ಅದೇ. ಬಾಯ್ಲ್ ಇನ್ನೊಂದು ಕೆಲಸ ಮಾಡಿದರು. ಆ ನೀರಿಗೆ ಹುಳಿ ಸೇರಿಸಿದರು, ನೀಲಿ ಮಾಯವಾಯಿತು. ಕ್ಷಾರ ಸೇರಿಸಿದರು, ನೀಲಿ ಮತ್ತೆ ಬಂತು. ಈ ಹುಳಿ ಮತ್ತು ಕ್ಷಾರದ ವಿಷಯ ನೆನಪಿನಲ್ಲಿಡಿ, ಪರೀಕ್ಷೆ ಮಾಡುವಾಗ ಬೇಕಾಗುತ್ತದೆ.

ಆದರೆ ಆ ಮರ ಯಾವುದು? ಕಾಲ ಕಳೆದಂತೆ ಅದು ಬಳಕೆಯಿಂದ ಹೋಯಿತು. ಯಾವ ಗಿಡದ್ದು ಅನ್ನುವುದೇ ಮರೆತುಹೋಯಿತು. ಒಬ್ಬರು ಗಿಡ್ಡ ಪೊದೆಯಂಥ ಮರ ಅಂದರೆ ಇನ್ನೊಬ್ಬರು ಇಷ್ಟು ದೊಡ್ಡ ಬಟ್ಟಲು ಕಡೆಯುವಂಥ ದೊಡ್ಡ ಮರ ಅಂದರು. 1915ರಲ್ಲಿ ಅಮೆರಿಕದ ಸಸ್ಯಶಾಸ್ತ್ರಜ್ಞ ವಿಲಿಯಂ ಸ್ಯಾಫರ್ಡ್ ಇದನ್ನು ಬಿಡಿಸಿದರು. ಮರ ಒಂದಲ್ಲ, ಎರಡು. ಮೆಕ್ಸಿಕೋದ್ದು ಐಸೆನ್‌ಹಾರ್ಡ್ಟಿಯಾ ಪಾಲಿಸ್ಟಾಕ್ಯ ಅನ್ನುವ ಚಿಕ್ಕ ಮರ. ಬಟ್ಟಲುಗಳು ಫಿಲಿಪ್ಪೀನ್ಸ್‌ನ ನಾರ್ರಾ ಮರದವು. ಫಿಲಿಪ್ಪೀನ್ಸ್‌ನಿಂದ ಹಡಗಿನಲ್ಲಿ ಮೆಕ್ಸಿಕೋಗೆ, ಅಲ್ಲಿಂದ ಯುರೋಪಿಗೆ ಹೋಗಿದ್ದವು.

ಈ ನಾರ್ರಾ ಯಾರು ಗೊತ್ತೇ? ಟೆರೋಕಾರ್ಪಸ್ ಇಂಡಿಕಸ್. ನಮ್ಮ ಹೊನ್ನೆ ಟೆರೋಕಾರ್ಪಸ್ ಮಾರ್ಸುಪಿಯಂ. ರಕ್ತಚಂದನ ಟೆರೋಕಾರ್ಪಸ್ ಸ್ಯಾಂಟಲೈನಸ್. ಎಲ್ಲ ಒಂದೇ ಕುಲ. ಯುರೋಪಿನ ಪಂಡಿತರು 300 ವರ್ಷ ತಲೆಕೆಡಿಸಿಕೊಂಡ ನೀಲಿಯೂ, ನಮ್ಮ ಜಾತ್ರೆಗಳಲ್ಲಿ "ಸಕ್ಕರೆ ಕಾಯಿಲೆಗೆ ಹೊನ್ನೆ ಲೋಟ" ಅಂತ ಮಾರುತ್ತಾರಲ್ಲ, ಆ ಲೋಟದ ನೀರಿನ ನೀಲಿಯೂ ಹತ್ತಿರದ ನೆಂಟರು. ಭಾರತದ ಆಯುರ್ವೇದ ಔಷಧಕೋಶದಲ್ಲಿ ಹೊನ್ನೆ ಚೇಗಿನ, ಅಂದರೆ ಮರದ ಒಳಗಿನ ಗಟ್ಟಿ ತಿರುಳಿನ, ಗುರುತುಗಳಲ್ಲಿ ಇದೂ ಒಂದು: ನೀರಿನಲ್ಲಿ ನೆನೆಸಿದರೆ ಹಳದಿ ನೀರು, ಅದರಲ್ಲಿ ನೀಲಿ ಹೊಳಪು. ಕರಾವಳಿಯಲ್ಲಿ ಬೀಜದಿಂದ ಎಣ್ಣೆ ತೆಗೆಯುವ ಹೊನ್ನೆ ಬೇರೆ ಮರ. ನಾನು ಹೇಳುತ್ತಿರುವುದು ಮಲೆನಾಡಿನ, ಬಾಗಿಲು ಕಿಟಕಿಗೆ ಬಳಸುವ ಹೊನ್ನೆ.

ಮೆಕ್ಸಿಕೋ ಮರದ ನೀಲಿಯನ್ನು ಕೊಡುವ ವಸ್ತು ಯಾವುದು ಅನ್ನುವುದು ಗೊತ್ತಾಗಿದ್ದು 2009ರಲ್ಲಿ. ಅದನ್ನು ಕಂಡುಹಿಡಿದವರು ಸ್ಪೇನ್‌ನ ರಸಾಯನ ವಿಜ್ಞಾನಿಗಳು, ಮೊನಾರ್ಡೆಸ್ ಅವರ ದೇಶದವರೇ. ಆ ವಸ್ತುವಿಗೆ ಮ್ಯಾಟ್ಲಲೀನ್ ಅಂತ ಹೆಸರಿಟ್ಟರು. ಸ್ವಾರಸ್ಯ ಏನೆಂದರೆ ಮರದ ಒಳಗೆ ಇರುವುದು ಅದರ ಹಿಂದಿನ ರೂಪ, ಅದು ಹೊಳೆಯುವುದಿಲ್ಲ. ಸ್ವಲ್ಪ ಕ್ಷಾರ ಇರುವ ನೀರಿಗೆ ಬಿದ್ದು, ಗಾಳಿಯ ಆಮ್ಲಜನಕ ತಾಗಿದ ಮೇಲೆ ಮ್ಯಾಟ್ಲಲೀನ್ ತಯಾರಾಗುತ್ತದೆ. ಒಣ ಮರದ ಮೇಲೆ ಟಾರ್ಚ್ ಬಿಟ್ಟು ಏನೂ ಕಾಣಲಿಲ್ಲ ಅಂತ ಕೈಬಿಟ್ಟರೆ ನೀರಿನಲ್ಲಿ ಇದ್ದ ಉತ್ತರ ತಪ್ಪಿಹೋಗುತ್ತದೆ. ಈ ಮಾತಿಗೆ ಮತ್ತೆ ಬರುತ್ತೇನೆ.

ಇನ್ನು, ಇದು ನಡೆಯುವುದು ಹೇಗೆ? ಚಿಕ್ಕದಾಗಿ ಹೇಳುತ್ತೇನೆ. ಕೆಲವು ಅಣುಗಳು ನಮ್ಮ ಕಣ್ಣಿಗೆ ಕಾಣದ ಯುವಿ ಕಿರಣವನ್ನು ಹೀರುತ್ತವೆ. ಹೀರಿದ ಶಕ್ತಿಯಲ್ಲಿ ಸ್ವಲ್ಪ ಬಿಸಿಯಾಗಿ ಕಳೆದುಹೋಗುತ್ತದೆ. ಉಳಿದದ್ದು ಬೆಳಕಾಗಿ ಹೊರಬರುತ್ತದೆ. ಶಕ್ತಿ ಕಡಿಮೆಯಾಗಿರುವುದರಿಂದ ಹೊರಬರುವ ಬೆಳಕು ನಮಗೆ ಕಾಣುವ ನೀಲಿ, ಹಸಿರು, ಹಳದಿ ಆಗಿರುತ್ತದೆ. ಇದನ್ನು ಪ್ರತಿದೀಪ್ತಿ ಅನ್ನುತ್ತಾರೆ. ನಾನು ಸುಮ್ನೆ ಹೊಳಪು ಅನ್ನುತ್ತೇನೆ.

1852ರಲ್ಲಿ ಇದನ್ನು ಬಿಡಿಸಿ ಹೇಳಿದವರು ವಿಜ್ಞಾನಿ ಜಾರ್ಜ್ ಸ್ಟೋಕ್ಸ್. ಅವರ ಪ್ರಯೋಗ ಬಹಳ ಸರಳ, ಬಹಳ ಸುಂದರ. ಬಿಸಿಲನ್ನು ಪಟ್ಟಕದ ಮೂಲಕ ಹಾಯಿಸಿ ಬಣ್ಣಗಳ ಪಟ್ಟಿ ಮಾಡಿದರು. ಕ್ವಿನೈನ್ ಅನ್ನುವ ಮಲೇರಿಯಾ ಮದ್ದಿನ ದ್ರಾವಣ ತುಂಬಿದ ಒಂದು ಗಾಜಿನ ಕೊಳವೆಯನ್ನು ಆ ಪಟ್ಟಿಯಲ್ಲಿ ಕೆಂಪಿನಿಂದ ನೇರಳೆ ಕಡೆಗೆ ನಿಧಾನವಾಗಿ ಸರಿಸುತ್ತಾ ಹೋದರು. ಕೆಂಪಿನಲ್ಲಿ ಏನೂ ಇಲ್ಲ. ಹಳದಿ, ಹಸಿರಿನಲ್ಲೂ ಇಲ್ಲ. ನೇರಳೆಯ ತುದಿ ಹತ್ತಿರ ಬಂದಾಗ ಕೊಳವೆಯಲ್ಲಿ ನೀಲಿ ಬೆಳಕು ಕಾಣಿಸಿತು. ನೇರಳೆಯನ್ನೂ ದಾಟಿ, ಕಣ್ಣಿಗೆ ಬರೀ ಕತ್ತಲೆಯಾದ ಜಾಗಕ್ಕೆ ಒಯ್ದರೂ ನೀಲಿ ಆರಲಿಲ್ಲ. ಕತ್ತಲೆಯಲ್ಲಿ ಏನೋ ಬೀಳುತ್ತಿದೆ, ಕೊಳವೆಯೊಳಗಿನ ದ್ರಾವಣ ಅದನ್ನು ಬೆಳಕಾಗಿ ಬದಲಾಯಿಸುತ್ತಿದೆ ಅನ್ನುವುದು ಹಾಗೆ ಗೊತ್ತಾಯಿತು.

ಬಿಸಿಲಿನಲ್ಲೂ ಯುವಿ ಇದೆ. ಅದಕ್ಕೇ ಟಾರ್ಚ್ ಇಲ್ಲದೆಯೂ ಕಿಟಕಿ ಪಕ್ಕದಲ್ಲಿ ನಿಮಗೆ ನೀಲಿ ಕಂಡಿದ್ದು.

ಈಗ ಕೆಲಸದ ಮಾತು. ಮರವನ್ನು ಯುವಿಯಲ್ಲಿ ನೋಡುವುದಕ್ಕೆ ಎರಡು ದಾರಿ. ಒಂದು, ಮರದ ಮೈಯನ್ನೇ ನೋಡುವುದು. ಇನ್ನೊಂದು, ಮರದ ಸಾರ ಇಳಿದ ನೀರು ಅಥವಾ ಆಲ್ಕೋಹಾಲ್ ನೋಡುವುದು. ಎರಡರ ಉತ್ತರವೂ ಒಂದೇ ಇರಬೇಕು ಅಂತಿಲ್ಲ. ಮೈ ಹೊಳೆಯದೆ ನೀರು ಹೊಳೆಯಬಹುದು. ನೀರು ಹೊಳೆಯದೆ ಆಲ್ಕೋಹಾಲ್ ಹೊಳೆಯಬಹುದು. ಮರಶಾಸ್ತ್ರಜ್ಞರ ಅಂತರರಾಷ್ಟ್ರೀಯ ಸಂಘ 1989ರಲ್ಲಿ ಗಟ್ಟಿಮರಗಳ ಲಕ್ಷಣಗಳ ಪಟ್ಟಿ ಮಾಡಿತು. ಇವತ್ತಿಗೂ ಎಲ್ಲರೂ ಬಳಸುವ ಪಟ್ಟಿ. ಅದರಲ್ಲಿ ಈ ಮೂರನ್ನೂ ಬೇರೆ ಬೇರೆ ಲಕ್ಷಣ ಅಂತಲೇ ಸೇರಿಸಿದ್ದಾರೆ.

ಮೈ ನೋಡುವಾಗ ಮೊದಲ ಕೆಲಸ, ಹೊಸ ಮೈ ತೆಗೆಯುವುದು. ಆಚಾರ್ರೇ, ಇದು ನಿಮಗೆ ಹೇಳಬೇಕಾಗಿಲ್ಲ, ಹಳೇ ತುಂಡನ್ನು ಉಳಿಯಿಂದ ಒಂದು ಪದರ ತೆಗೆದರೆ ಒಳಗೆ ಬೇರೆಯೇ ಮರ ಕಾಣುತ್ತದೆ. ಬಿಸಿಲು, ಗಾಳಿ ತಾಗಿ ಮೇಲ್ಮೈಯ ರಸಾಯನ ಬದಲಾಗಿರುತ್ತದೆ. ಹೊಳಪೂ ಅದರ ಜೊತೆ ಬದಲಾಗಿರುತ್ತದೆ. ನೋಡಬೇಕಾದ್ದು ಚೇಗನ್ನು. ಹೊರಗಿನ ಬಿಳಿ ಭಾಗದಲ್ಲಿ ಈ ವಸ್ತುಗಳು ಇರುವುದು ಕಡಿಮೆ. ಮರ ತನ್ನ ಚೇಗಿನಲ್ಲಿ ಹುಳ, ಶಿಲೀಂಧ್ರ ತಡೆಯಲು ತುಂಬಿಟ್ಟುಕೊಂಡ ವಸ್ತುಗಳಲ್ಲೇ ಹೊಳೆಯುವವು ಜಾಸ್ತಿ ಸಿಗುತ್ತವೆ.

ಇನ್ನೊಂದು ಎಚ್ಚರಿಕೆ. ಯಾವ ಮರಕ್ಕೆ ಯುವಿ ಬಿಟ್ಟರೂ ಒಂಚೂರು ಮಂಕು ನೀಲಿ-ಬಿಳಿ ಕಾಣುತ್ತದೆ. ಅದು ಮರಕ್ಕೆ ಗಟ್ಟಿತನ ಕೊಡುವ ಲಿಗ್ನಿನ್ ಅನ್ನುವ ವಸ್ತುವಿನ ಹೊಳಪು, ಎಲ್ಲ ಮರದಲ್ಲೂ ಇರುವಂಥದ್ದು. ಹೊಸಬರು ಅದನ್ನೇ ನೋಡಿ "ಹೊಳೀತು" ಅಂತ ಬರೆದುಕೊಳ್ಳುತ್ತಾರೆ. ಲೆಕ್ಕಕ್ಕೆ ಹಿಡಿಯುವ ಹೊಳಪು ಅಂದರೆ ಹಾಗೆ ಅನುಮಾನ ಪಡುವಂಥದ್ದಲ್ಲ. ಹಳದಿ, ಹಳದಿ-ಹಸಿರು, ಕಣ್ಣಿಗೆ ಹೊಡೆಯುವ ಹಾಗೆ ಇರುತ್ತದೆ. ಇದೆಯೋ ಇಲ್ಲವೋ ಅಂತ ಕಣ್ಣು ಕಿರಿದು ಮಾಡಿ ನೋಡಬೇಕಾಯಿತು ಅಂದರೆ "ಇಲ್ಲ" ಅಂತಲೇ ಬರೆದುಕೊಳ್ಳಿ.

ಟಾರ್ಚ್ ಕೊಳ್ಳುವಾಗ 365 ನ್ಯಾನೋಮೀಟರ್‌ನದ್ದು ಕೇಳಿ. ಅಗ್ಗದವು ಬಹುಪಾಲು 395ರವು. ಅವುಗಳಿಂದ ಕಣ್ಣಿಗೆ ಕಾಣುವ ನೇರಳೆ ಬೆಳಕೂ ಬರುತ್ತದೆ. ಮರದ ಮೇಲೆ ಬಿದ್ದು ವಾಪಸ್ ಬರುವ ಆ ನೇರಳೆಯಲ್ಲಿ ನಿಜವಾದ ಹೊಳಪು ಮುಚ್ಚಿಹೋಗುತ್ತದೆ. ಅಂಗಡಿಯಲ್ಲಿ ನೋಟು ಪರೀಕ್ಷೆ ಮಾಡುವ ಟ್ಯೂಬ್ ದೀಪ ಇದ್ದರೆ ಅದರಲ್ಲೂ ಕೆಲಸ ನಡೆಯುತ್ತದೆ. ಯಾವುದಾದರೂ ಸರಿ, ದೀಪವನ್ನು ನೇರವಾಗಿ ನೋಡಬೇಡಿ. ಮಕ್ಕಳ ಕೈಗೆ ಕೊಡಬೇಡಿ. ಕಣ್ಣಿಗೆ ಪಾಲಿಕಾರ್ಬೊನೇಟ್ ಕನ್ನಡಕ ಹಾಕಿಕೊಳ್ಳಿ.

ನೀರಿನ ಪರೀಕ್ಷೆ ಹೀಗೆ. ಬೆರಳುದ್ದದ ಒಂದು ಗಾಜಿನ ಸೀಸೆ ತೆಗೆದುಕೊಳ್ಳಿ. ಚೇಗನ್ನು ಉಳಿಯಿಂದ ತೆಳುವಾಗಿ ಹೆರೆದು, ಸೀಸೆಯ ತಳ ಮುಚ್ಚುವಷ್ಟು ಹಾಕಿ. ನೀರು ತುಂಬಿಸಿ, ಮುಚ್ಚಿ, ಹತ್ತು ಹದಿನೈದು ಸೆಕೆಂಡ್ ಜೋರಾಗಿ ಅಲ್ಲಾಡಿಸಿ. ಒಂದೆರಡು ನಿಮಿಷ ಬಿಟ್ಟು ಕತ್ತಲೆಯಲ್ಲಿ ಯುವಿ ಹಿಡಿದು ನೋಡಿ. ಅಲ್ಲಾಡಿಸಿದಾಗ ನೊರೆ ಬಂತೇ, ಬಂದ ನೊರೆ ನಿಂತಿತೇ ಅನ್ನುವುದನ್ನೂ ಬರೆದುಕೊಳ್ಳಿ. ಅದೂ ಪಟ್ಟಿಯಲ್ಲಿರುವ ಒಂದು ಲಕ್ಷಣವೇ. ನಿಯಮದ ಪ್ರಕಾರ ನೀರು ಬಟ್ಟಿ ಇಳಿಸಿದ್ದಾಗಿರಬೇಕು, ಅದರ ಪಿಎಚ್ ಅಂದರೆ ಹುಳಿ-ಕ್ಷಾರದ ಅಳತೆ 6.86ಕ್ಕೆ ನಿಲ್ಲಿಸಿದ್ದಾಗಿರಬೇಕು. ಯಾಕೆ ಇಷ್ಟು ಕಟ್ಟುನಿಟ್ಟು? ಬಾಯ್ಲ್ ಮಾಡಿದ್ದು ನೆನಪಿಸಿಕೊಳ್ಳಿ. ಹುಳಿ ಬಿದ್ದರೆ ನೀಲಿ ಹೋಗುತ್ತದೆ. ನಿಮ್ಮೂರಿನ ಬೋರ್‌ವೆಲ್ ನೀರಿನಲ್ಲಿ ಒಂದು ಉತ್ತರ, ನಮ್ಮ ಮನೆಯ ಫಿಲ್ಟರ್ ನೀರಿನಲ್ಲಿ ಇನ್ನೊಂದು ಉತ್ತರ ಬಂದರೆ ನಾವಿಬ್ಬರೂ ಮಾತಾಡುತ್ತಿರುವುದು ನೀರಿನ ಬಗ್ಗೆ, ಮರದ ಬಗ್ಗೆ ಅಲ್ಲ.

ಸೀಸೆ ಚೆನ್ನಾಗಿ ತೊಳೆದಿರಬೇಕು. ಬಟ್ಟೆ ಒಗೆಯುವ ಪುಡಿಯಲ್ಲಿ ಬಿಳುಪು ಕೊಡಲು ಹಾಕುವ ವಸ್ತು ಯುವಿಯಲ್ಲಿ ಭರ್ಜರಿ ನೀಲಿ ಹೊಳೆಯುತ್ತದೆ. ಬಿಳಿ ಕಾಗದದಲ್ಲೂ ಇಂಥದ್ದೇ ವಸ್ತು ಇರುತ್ತದೆ. ಹಾಗಾಗಿ ಬಿಳಿ ಅಂಗಿ ಹಾಕಿಕೊಂಡು, ಬಿಳಿ ಹಾಳೆಯ ಮೇಲೆ ಮರ ಇಟ್ಟು ನೋಡಿದರೆ ಮರಕ್ಕಿಂತ ಮೊದಲು ಅಂಗಿಯೇ ಹೊಳೆಯುತ್ತದೆ.

ಪಾಲಿಶ್ ಇನ್ನೊಂದು ದೊಡ್ಡ ಮೋಸ. ಫ್ರೆಂಚ್ ಪಾಲಿಶ್ ಅಂದರೆ ಸ್ಪಿರಿಟ್‌ನಲ್ಲಿ ಕರಗಿಸಿದ ಅರಗು. ಅರಗು ಯುವಿಯಲ್ಲಿ ಕಿತ್ತಳೆ ಬಣ್ಣಕ್ಕೆ ಹೊಳೆಯುತ್ತದೆ. ಹಳೆಯ ಮೇಜು ಕಿತ್ತಳೆಯಾಗಿ ಹೊಳೆಯಿತು ಅಂದರೆ ಅದು ಮೇಜಿನ ಮರ ಹೇಳಿದ ಮಾತಲ್ಲ. ಪೀಠೋಪಕರಣ, ವಾದ್ಯಗಳನ್ನು ದುರಸ್ತಿ ಮಾಡುವವರಿಗೆ ಇದು ಬೇರೆ ರೀತಿಯಲ್ಲಿ ಉಪಯೋಗ. ಎಲ್ಲಿ ಹಳೇ ಅರಗು ಉಳಿದಿದೆ, ಎಲ್ಲಿ ಯಾರೋ ಆಮೇಲೆ ಬೇರೆ ವಾರ್ನಿಶ್ ಬಳಿದಿದ್ದಾರೆ ಅನ್ನುವುದು ಯುವಿಯಲ್ಲಿ ತೇಪೆ ತೇಪೆಯಾಗಿ ಕಾಣುತ್ತದೆ.

ಸರಿ, ಹೊಳೆಯಿತು. ಅಥವಾ ಹೊಳೆಯಲಿಲ್ಲ. ಅದರಿಂದ ಏನು ತಿಳಿದ ಹಾಗಾಯಿತು? ನಾನು ಇವತ್ತು ಮುಖ್ಯವಾಗಿ ಹೇಳಬೇಕು ಅಂತ ಬಂದಿದ್ದು ಇದನ್ನೇ.

ಎರಡು ಉತ್ತರಕ್ಕೂ ಒಂದೇ ತೂಕ ಇಲ್ಲ. ಜೋರಾಗಿ ಹೊಳೆದರೆ ಅದು ಗಟ್ಟಿ ಸಾಕ್ಷಿ. ಆ ವಸ್ತು ಅಲ್ಲಿ ಇದೆ. ಹೊಳೆಯದ ಜಾತಿ ಅಂತ ಗೊತ್ತಿರುವ ಮರದ ಹೆಸರಿನಲ್ಲಿ ಬಂದ ತುಂಡು ಹೊಳೆದುಬಿಟ್ಟರೆ ಆ ಹೆಸರು ತಪ್ಪು ಅಂತ ಧೈರ್ಯವಾಗಿ ಹೇಳಬಹುದು. ಹೊಳೆಯದಿದ್ದರೆ ಮಾತ್ರ ಸಾಕ್ಷಿ ದುರ್ಬಲ. ಮರ ಇನ್ನೂ ಎಳೆಯದಾಗಿರಬಹುದು. ವರ್ಷಗಟ್ಟಲೆ ಮಳೆಗೆ ಬಿದ್ದು ಸಾರ ತೊಳೆದುಹೋಗಿರಬಹುದು. ಒಂದೇ ಜಾತಿಯಲ್ಲೂ ಮರದಿಂದ ಮರಕ್ಕೆ ವಸ್ತುವಿನ ಪ್ರಮಾಣ ಬೇರೆ ಇರುತ್ತದೆ. ನೀರು ಹುಳಿಯಾಗಿರಬಹುದು. "ಹೊಳೆಯಲಿಲ್ಲ, ಹಾಗಾದರೆ ಇದು ಹೊನ್ನೆ ಅಲ್ಲ" ಅಂತ ಒಂದೇ ಏಟಿಗೆ ಹೇಳಿದರೆ ಪಾಪ, ಸರಿಯಾದ ಮಾಲು ಕೊಟ್ಟ ವ್ಯಾಪಾರಿಯ ಮೇಲೆ ಅನ್ಯಾಯವಾಗಿ ಅಪವಾದ ಹೊರಿಸಿದ ಹಾಗೆ.

ಇನ್ನೂ ಒಂದು. ಟಾರ್ಚ್‌ಗೆ "ಇದು ಯಾವ ಮರ?" ಅಂತ ಕೇಳಿದರೆ ಉತ್ತರ ಬರುವುದಿಲ್ಲ. "ಇದು ಈ ಎರಡರಲ್ಲಿ ಯಾವುದು?" ಅಂತ ಕೇಳಿದರೆ ಕೆಲವು ಸಲ ತಕ್ಷಣ ಬರುತ್ತದೆ. ಉದಾಹರಣೆಗೆ ಅಮೆರಿಕದ ಬ್ಲ್ಯಾಕ್ ಲೋಕಸ್ಟ್ ಮತ್ತು ಹಿಪ್ಪುನೇರಳೆ ಮರ. ನಮ್ಮ ಕಡೆ ಹಿಪ್ಪುನೇರಳೆ ಅಂದರೆ ರೇಷ್ಮೆ ಹುಳಕ್ಕೆ ಸೊಪ್ಪು ಕೊಯ್ಯುವ ಗಿಡ, ಆದರೆ ಬಿಟ್ಟರೆ ಅದು ಒಳ್ಳೆ ಮರವಾಗಿ ಬೆಳೆಯುತ್ತದೆ. ಈ ಎರಡು ಮರಗಳ ಚೇಗೂ ಹಳದಿ-ಕಂದು. ಅಡ್ಡ ಕೊಯ್ದು ಲೆನ್ಸ್‌ನಲ್ಲಿ ನೋಡಿದರೂ ಬಹಳ ಹೋಲಿಕೆ. ಎರಡರಲ್ಲೂ ವರ್ಷದ ಉಂಗುರದ ಶುರುವಿನಲ್ಲಿ ದೊಡ್ಡ ರಂಧ್ರಗಳ ಸಾಲು. ಯುವಿ ಬಿಟ್ಟರೆ ಲೋಕಸ್ಟ್ ಹಳದಿ-ಹಸಿರಾಗಿ ಉರಿದ ಹಾಗೆ ಹೊಳೆಯುತ್ತದೆ, ಹಿಪ್ಪುನೇರಳೆ ಹಾಗೆ ಹೊಳೆಯುವುದಿಲ್ಲ. ಅಲ್ಲಿನ ಬಡಗಿಗಳು ಒಂದು ಕ್ಷಣದಲ್ಲಿ ಬೇರೆ ಮಾಡುತ್ತಾರೆ. ಆದರೆ ಆ ಕ್ಷಣಕ್ಕೆ ಮೊದಲು ಲೆನ್ಸ್ ಹಿಡಿದು, ತೂಕ ನೋಡಿ, ನೂರಾರು ಮರಗಳನ್ನು ಎರಡಕ್ಕೆ ಇಳಿಸಿಕೊಂಡಿರುತ್ತಾರೆ.

ಈ ಕೆಲಸಕ್ಕೆ ನಮ್ಮ ದೇಶದಲ್ಲೂ ಹಳೆಯ ಬೇರು ಇದೆ. ಡೆಹ್ರಾಡೂನಿನ ಅರಣ್ಯ ಸಂಶೋಧನಾ ಸಂಸ್ಥೆಯ ಎಸ್. ಕೃಷ್ಣ ಮತ್ತು ಕೆ. ಎ. ಚೌಧುರಿ 1935ರಲ್ಲೇ ಯುವಿಯಲ್ಲಿ ಮರಗಳ ಹೊಳಪಿನ ಬಗ್ಗೆ 'ಇಂಡಿಯನ್ ಫಾರೆಸ್ಟರ್' ಪತ್ರಿಕೆಯಲ್ಲಿ ಬರೆದರು. ಆಗ ಯುವಿ ದೀಪ ಅಂದರೆ ಜೇಬಿಗೆ ಹಾಕಿಕೊಳ್ಳುವ ವಸ್ತು ಅಲ್ಲ. ಅಂಥ ಕಾಲದಲ್ಲಿ ಇದು ಮರ ಗುರುತಿಸಲು ಬೇಕಾಗುತ್ತದೆ ಅಂತ ಅವರಿಗೆ ಹೊಳೆದಿತ್ತಲ್ಲ, ಅದು ದೊಡ್ಡದು. ಬೆಲ್ಜಿಯಂನ ಟೆರ್ವುರೆನ್‌ನಲ್ಲಿ ಮರದ ತುಂಡುಗಳ ದೊಡ್ಡ ಸಂಗ್ರಹ ಇದೆ. ಅಲ್ಲಿನ 10,610 ಜಾತಿಗಳ ಹೊಳಪನ್ನು ಪರೀಕ್ಷಿಸಿದ ಅಧ್ಯಯನ 1988ರಲ್ಲಿ ಬಂತು. ಒಂದೊಂದು ತುಂಡನ್ನೂ ಹೆರೆದು, ನೆನೆಸಿ, ಕತ್ತಲೆಯಲ್ಲಿ ಕೂತು ನೋಡುವ ಕೆಲಸ. ನಾವು ಇವತ್ತು ಯಾವುದೋ ಮರ "ಹೊಳೆಯುವ ಜಾತಿ" ಅಂತ ಸಲೀಸಾಗಿ ಹೇಳುವುದರ ಹಿಂದೆ ಇಂಥವರ ತಾಳ್ಮೆ ಇದೆ.

ಕಾನೂನಿನ ವಿಷಯದಲ್ಲಿ ಇದು ಎಲ್ಲಿ ಬರುತ್ತದೆ? ಬ್ರೆಜಿಲ್‌ನ ರೋಸ್‌ವುಡ್ ಅಂದರೆ ಡಾಲ್ಬರ್ಜಿಯಾ ನೈಗ್ರಾ, ನಮ್ಮ ಬೀಟೆಯ ದಾಯಾದಿ. ಗಿಟಾರ್ ಮಾಡುವವರಿಗೆ ಅದರ ಮೇಲೆ ಪ್ರಾಣ. 1992ರಿಂದ ಅದು ಸೈಟಿಸ್, ಅಂದರೆ ಅಳಿವಿನಂಚಿನ ಗಿಡ-ಪ್ರಾಣಿಗಳ ವ್ಯಾಪಾರ ನಿಯಂತ್ರಿಸುವ ಅಂತರರಾಷ್ಟ್ರೀಯ ಒಪ್ಪಂದದ ಮೊದಲ ಪಟ್ಟಿಯಲ್ಲಿದೆ, ವ್ಯಾಪಾರ ಹೆಚ್ಚುಕಡಿಮೆ ಬಂದ್. ಅಮೆಜಾನ್ ಕಡೆಯ ಇನ್ನೊಂದು ಜಾತಿ ಡಾಲ್ಬರ್ಜಿಯಾ ಸ್ಪ್ರೂಸಿಯಾನ. ಸೂಕ್ಷ್ಮದರ್ಶಕದಲ್ಲಿ ನೋಡಿದರೂ ಎರಡನ್ನೂ ಬೇರೆ ಮಾಡುವುದು ಕಷ್ಟ. 2006ರಲ್ಲಿ ಅಮೆರಿಕದ ಮ್ಯಾಡಿಸನ್‌ನ ಫಾರೆಸ್ಟ್ ಪ್ರಾಡಕ್ಟ್ಸ್ ಲ್ಯಾಬೊರೇಟರಿಯ ಮಿಲ್ಲರ್ ಮತ್ತು ವೀಮನ್ ಒಂದು ದಾರಿ ತೋರಿಸಿದರು. ಮರದ ಸಾಂದ್ರತೆ, ನೀರಿನ ಸಾರದ ಹೊಳಪು, ಆಲ್ಕೋಹಾಲ್ ಸಾರದ ಹೊಳಪು ಇವನ್ನು ಸೇರಿಸಿ ನೋಡುವುದು. ಸೇರಿಸಿ ಅನ್ನುವುದನ್ನು ಗಮನಿಸಿ. ಅವರೂ ಹೊಳಪು ಒಂದನ್ನೇ ನಂಬಲಿಲ್ಲ. ಅದೇ ಪ್ರಯೋಗಾಲಯದವರು ಈಚೆಗೆ ಮಾಡಿದ ಕ್ಸೈಲೋಟ್ರಾನ್ ಅನ್ನುವ ಉಪಕರಣ ಮರದ ಅಡ್ಡ ಕೊಯ್ತದ ಫೋಟೋ ತೆಗೆದು ಕಂಪ್ಯೂಟರಿನಿಂದ ಗುರುತಿಸುತ್ತದೆ. ಅದರಲ್ಲೂ ಸಾಮಾನ್ಯ ಬೆಳಕಿನ ಜೊತೆ ಯುವಿ ಬೆಳಕಿನಲ್ಲಿ ನೋಡುವ ವ್ಯವಸ್ಥೆ ಇಟ್ಟಿದ್ದಾರೆ.

ಈಗ ನಮ್ಮ ಕಡೆಯ ನೋವು, ರಕ್ತಚಂದನ. ಆಂಧ್ರದ ಶೇಷಾಚಲ ಬೆಟ್ಟಗಳ ಸುತ್ತ ಬೆಳೆಯುವ ಮರ. 1995ರಿಂದ ಸೈಟಿಸ್‌ನ ಎರಡನೇ ಪಟ್ಟಿಯಲ್ಲಿದೆ. ಕಳ್ಳಸಾಗಣೆ ನಮ್ಮ ಬೆಂಗಳೂರಿನ ದಾರಿಯಲ್ಲೂ ನಡೆಯುತ್ತದೆ, ಪತ್ರಿಕೆಯಲ್ಲಿ ಓದುತ್ತಲೇ ಇರುತ್ತೀರಿ. ಸಿಕ್ಕಿದ ಮಾಲು ರಕ್ತಚಂದನ ಹೌದೋ ಅಲ್ಲವೋ ಅಂತ ಕೋರ್ಟಿನಲ್ಲಿ ಸಾಬೀತು ಮಾಡಬೇಕು. ಇಲ್ಲಿ ಟಾರ್ಚ್ ಎಷ್ಟು ಸಹಾಯ ಮಾಡುತ್ತದೆ? ಟೆರೋಕಾರ್ಪಸ್ ಕುಲದ ಅನೇಕ ಮರಗಳ ನೀರು ಹೊಳೆಯುತ್ತದೆ. ಹಾಗಾಗಿ "ಇದು ಈ ಕುಲದ್ದಾಗಿರಬಹುದು" ಅನ್ನುವ ಮಟ್ಟಕ್ಕೆ ಹೊಳಪು ಕರೆದುಕೊಂಡು ಹೋಗುತ್ತದೆ. ಅಲ್ಲಿಂದ ಮುಂದೆ ಅಣ್ಣ ಯಾರು ತಮ್ಮ ಯಾರು ಅಂತ ಹೇಳುವ ಶಕ್ತಿ ಅದಕ್ಕಿಲ್ಲ. ಆಫ್ರಿಕಾದ ಟೆರೋಕಾರ್ಪಸ್ ಟಿಂಕ್ಟೋರಿಯಸ್ ರಕ್ತಚಂದನವನ್ನು ಬಹಳ ಹೋಲುತ್ತದೆ, ಅಂತರರಾಷ್ಟ್ರೀಯ ಮಾರುಕಟ್ಟೆಯಲ್ಲಿ ರಕ್ತಚಂದನದ ಬದಲಿಗೆ ಬರುತ್ತದೆ. ಅದನ್ನೂ 2019ರಲ್ಲಿ ಸೈಟಿಸ್ ಪಟ್ಟಿಗೆ ಸೇರಿಸಬೇಕಾಯಿತು. ಇಂಥ ಜೋಡಿಯನ್ನು ಬೇರೆ ಮಾಡಲು ಸೂಕ್ಷ್ಮದರ್ಶಕ, ರಾಸಾಯನಿಕ ವಿಶ್ಲೇಷಣೆ, ಡಿಎನ್‌ಎ ಬೇಕು. ಚೆಕ್‌ಪೋಸ್ಟ್‌ನಲ್ಲಿ ನಿಂತ ಗಾರ್ಡ್‌ಗೆ ಟಾರ್ಚ್‌ನಿಂದ ಆಗುವ ಉಪಕಾರ ಬೇರೆ: ಹತ್ತು ಲೋಡಿನಲ್ಲಿ ಯಾವುದರ ತುಂಡನ್ನು ಲ್ಯಾಬ್‌ಗೆ ಕಳಿಸಬೇಕು ಅನ್ನುವ ಆಯ್ಕೆ. ಅಷ್ಟು ಆದರೂ ಸಣ್ಣ ಉಪಕಾರವಲ್ಲ.

ಮಾತು ಮುಗಿದ ಮೇಲೆ ಬಂದ ಕೆಲವು ಪ್ರಶ್ನೆಗಳನ್ನೂ ಇಲ್ಲಿ ಬರೆಯುತ್ತೇನೆ.

ಒಬ್ಬ ತಾಯಿ ಕೇಳಿದರು: "ನಮ್ಮ ಯಜಮಾನರಿಗೆ ಶುಗರ್ ಇದೆ. ಹೊನ್ನೆ ಲೋಟ ತಂದಿದ್ದೀವಿ. ನೀರು ನೀಲಿ ಬಂದರೆ ಒಳ್ಳೇದು ಅಂತಾನಾ?"

ಅಮ್ಮ, ನೀಲಿ ಬಂದರೆ ಲೋಟ ಹೊನ್ನೆಯದ್ದು ಅನ್ನುವುದಕ್ಕೆ ಒಂದು ಗುರುತು, ಅಷ್ಟೇ. ಶುಗರ್ ಇಳಿಯುತ್ತದೆ ಅನ್ನುವುದಕ್ಕೆ ಆ ನೀಲಿ ಏನೂ ಹೇಳುವುದಿಲ್ಲ. ಮಾತ್ರೆ ನಿಲ್ಲಿಸಬೇಡಿ. ಆ ನೀರು ಕುಡಿಯುತ್ತಿದ್ದರೆ ಡಾಕ್ಟರಿಗೆ ಹೇಳಿ. ಲೋಟ ಬಳಸುತ್ತಾ ಹೋದ ಹಾಗೆ ಬಣ್ಣ ಇಳಿಯುವುದು ಕಡಿಮೆಯಾಗುತ್ತದೆ, ಅದನ್ನು ನೋಡಿ ಮೋಸ ಹೋದೆವು ಅಂತ ಅಂದುಕೊಳ್ಳಲೂ ಬೇಡಿ. ಒಳಮೈಯ ಸಾರ ಇಳಿದುಹೋಗಿದೆ ಅಷ್ಟೇ.

ಟಿಂಬರ್ ಅಂಗಡಿಯ ಯುವಕರೊಬ್ಬರು, ಗಿರಾಕಿಗಳ ಮುಂದೆ ಈ ಪರೀಕ್ಷೆ ಮಾಡಿ ತೋರಿಸಬಹುದಾ ಅಂದರು. ಖಂಡಿತ ಮಾಡಿ. ಸಾಮಿಲ್‌ನಲ್ಲಿ ಕೊಯ್ದ ಹೊಸ ತುಂಡಿನದ್ದು ಮಾಡಿ. ಪಕ್ಕದಲ್ಲಿ ಬರೀ ನೀರಿನ ಇನ್ನೊಂದು ಸೀಸೆ ಇಡಿ, ಆಗ ವ್ಯತ್ಯಾಸ ಗಿರಾಕಿಗೇ ಕಾಣುತ್ತದೆ. ಆದರೆ "ಗ್ಯಾರಂಟಿ ಹೊನ್ನೆ" ಅಂತ ಬರೆದುಕೊಡಬೇಡಿ. ಅದರ ಹತ್ತಿರದ ನೆಂಟ ಮರಗಳು ಹೊರದೇಶದಿಂದಲೂ ಬರುತ್ತವೆ, ಅವುಗಳ ನೀರೂ ಹೊಳೆಯಬಹುದು.

ಹಿರಿಯ ಆಚಾರ್ರೊಬ್ಬರು ಕೊನೆಗೆ ಕೇಳಿದ ಪ್ರಶ್ನೆ ನನಗೆ ಬಹಳ ಹಿಡಿಸಿತು. "ಹಲಸು? ಅದರದ್ದೂ ಹಳದಿ ನೀರೇ ಅಲ್ವಾ?"

ಹೌದು. ಹಲಸಿನ ಚೇಗಿನಿಂದ ಹಳದಿ ಬಣ್ಣ ತೆಗೆದು ಬೌದ್ಧ ಭಿಕ್ಷುಗಳ ಬಟ್ಟೆಗೆ ಹಾಕುತ್ತಿದ್ದರು. ಅದರಲ್ಲಿ ಮೋರಿನ್ ಅನ್ನುವ ವಸ್ತು ಇದೆ. ಮೋರಿನ್‌ನ ವಿಶೇಷ ಏನೆಂದರೆ ಅದಕ್ಕೆ ಅಲ್ಯೂಮಿನಿಯಂ ಸೇರಿದಾಗ ಯುವಿಯಲ್ಲಿ ಹಸಿರಾಗಿ ಜೋರು ಹೊಳಪು ಬರುತ್ತದೆ. 1867ರಲ್ಲಿ ಗೊಪ್ಪೆಲ್ಸ್‌ರೋಡರ್ ಅನ್ನುವ ವಿಜ್ಞಾನಿ ಇದನ್ನೇ ಹಿಡಿದು ಅಲ್ಯೂಮಿನಿಯಂ ಪತ್ತೆ ಮಾಡುವ ವಿಧಾನ ಮಾಡಿದರು. ಅವರು ಮೋರಿನ್ ತೆಗೆದಿದ್ದು ಅಮೆರಿಕದ ಒಂದು ಬಣ್ಣದ ಮರದಿಂದ, ಆ ಮರವೂ ಹಲಸಿನ ಕುಟುಂಬದ್ದೇ. ಆಚಾರ್ರೇ, ಕ್ಷೌರದಂಗಡಿಯಲ್ಲಿ ಇಡುತ್ತಾರಲ್ಲ ಪಟಿಕ, ಅದರಲ್ಲಿ ಅಲ್ಯೂಮಿನಿಯಂ ಇದೆ. ಹಲಸಿನ ಹುಡಿಯನ್ನು ಸ್ಪಿರಿಟ್‌ನಲ್ಲಿ ನೆನೆಸಿ, ಸೋಸಿ, ಎರಡು ಸೀಸೆಗೆ ಹಂಚಿ. ಪಟಿಕ ಕರಗಿಸಿದ ನೀರನ್ನು ಒಂದಕ್ಕೆ ನಾಲ್ಕು ಹನಿ ಹಾಕಿ, ಇನ್ನೊಂದಕ್ಕೆ ಬರೀ ನೀರು ನಾಲ್ಕು ಹನಿ ಹಾಕಿ. ಎರಡನ್ನೂ ಒಟ್ಟಿಗೆ ಯುವಿಯಲ್ಲಿ ನೋಡಿ. ಸ್ಪಿರಿಟ್ ಹತ್ತಿರ ಬೆಂಕಿ ಇರಬಾರದು, ಅಷ್ಟು ನೋಡಿಕೊಳ್ಳಿ.

ಯಾವ ಮರ ಅಂತ ಖಚಿತವಾಗಿ ತಿಳಿಯಲೇಬೇಕು ಅನ್ನುವವರಿಗೆ ಬೆಂಗಳೂರಿನ ಮಲ್ಲೇಶ್ವರದಲ್ಲಿ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆ ಇದೆ. ಅಲ್ಲಿ ಮರ ಗುರುತಿಸಿ ಕೊಡುತ್ತಾರೆ. ಕಳಿಸುವಾಗ ಚೇಗಿನ ತುಂಡು ಕಳಿಸಿ, ಬರೀ ಹುಡಿ ಬೇಡ. ಹುಡಿಯಲ್ಲಿ ರಂಧ್ರ, ಗೆರೆಗಳ ಜೋಡಣೆ ಉಳಿದಿರುವುದಿಲ್ಲ. ಪಾಲಿಶ್, ಬಣ್ಣ, ಗೋಂದು ತಾಗಿರಬಾರದು. ಎಲ್ಲಿ ಕೊಂಡಿರಿ, ಯಾವ ಹೆಸರು ಹೇಳಿ ಕೊಟ್ಟರು ಅನ್ನುವುದನ್ನು ಚೀಟಿಯಲ್ಲಿ ಬರೆದು ತುಂಡಿಗೆ ಕಟ್ಟಿ. ನೀವು ಮೊದಲೇ ನೀರಿನ ಪರೀಕ್ಷೆ ಮಾಡಿದ್ದರೆ ನೀರು ಯಾವುದು, ನೊರೆ ನಿಂತಿತೇ, ಹೊಳಪು ಯಾವ ಬಣ್ಣ ಅಂತ ಅದನ್ನೂ ಎರಡು ಸಾಲು ಬರೆಯಿರಿ.